ಡಬ್‌ಸ್ಟೆಪ್ ಸಂಗೀತವೂ ಜಾತ್ರೆಯ ಡಿ.ಜೆ.ಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಜಾತ್ರೆಯ ಕಾಲ ಬಂದಿತೆಂದರೆ, ಗಣಪತಿಯನ್ನು ನೀರಿಗೆ ಬಿಡುವ ದಿನ ಸಮೀಪಿಸಿತೆಂದರೆ, ಒಂದು ಜಗಳಕ್ಕೆ ಹೊಸದಾಗಿ ಚಿಗುರು ಬರುತ್ತದೆ. ಹಿರಿಯರ ಪಕ್ಷವೊಂದು. ಲಾರಿಯ ಮೇಲೆ ಗೋಡೆ ಕಟ್ಟಿದಂತೆ ಪೇರಿಸಿದ ಧ್ವನಿಪೆಟ್ಟಿಗೆಗಳನ್ನು ಕಂಡೊಡನೆಯೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. ಇದು ಪರದೇಶದಿಂದ ಬಂದ ಪಿಶಾಚಿ, ಇದಕ್ಕೆ ಸಂಗೀತವೆಂಬ ಹೆಸರೆ ಸಲ್ಲದು ಎನ್ನುತ್ತಾರೆ. ತರುಣರ ಪಕ್ಷವಿನ್ನೊಂದು. ಎದೆಗೂಡು ನಡುಗಿದರೆ ಅದೆ ಸಂಗೀತ, ನಡುಗದಿದ್ದರೆ ಡಿ.ಜೆ.ಗೆ ಕೊಟ್ಟ ಹಣ ದಂಡ ಎಂಬುದು ಅವರ ಸಿದ್ಧಾಂತ. ಎರಡು ಪಕ್ಷಗಳೂ ಈ ಸಂಗೀತಕ್ಕೆ ಡಬ್‌ಸ್ಟೆಪ್ ಎಂದೋ, ಇ.ಡಿ.ಎಂ. ಎಂದೋ, ಸುಮ್ಮನೆ ‘ಡಿ.ಜೆ. ಹಾಡು’ ಎಂದೋ ಹೆಸರಿಟ್ಟು ವಾದಿಸುತ್ತವೆ. ಇವುಗಳ ನಡುವೆ ಮೂರನೆಯವರೊಬ್ಬರಿದ್ದಾರೆ. ಆ ಸಂಗೀತವನ್ನು ನಿಜವಾಗಿ ಪ್ರೀತಿಸಿ, ರಾತ್ರಿಯ ಮೌನದಲ್ಲಿ ಕುಳಿತು ಕೇಳಿದ ಕೆಲವರು. ಅವರನ್ನು ಯಾರೂ ಮಾತನಾಡಿಸಿಲ್ಲ. ಅವರು ಹೇಳುವುದಿಷ್ಟು: ಡಬ್‌ಸ್ಟೆಪ್ಪನ್ನು ಹಳಿಯುವವರು ಅದನ್ನು ಕೇಳಿಲ್ಲ, ಅದನ್ನು ಜಾತ್ರೆಯಲ್ಲಿ ಹಾಕುವವರೂ ಕೇಳಿಲ್ಲ.

ಈ ಮಾತು ಉದ್ಧಟತನವೆಂದು ತೋರಬಹುದು. ಆದುದರಿಂದ ಆ ಸಂಗೀತದ ಹುಟ್ಟನ್ನು ಸ್ವಲ್ಪ ವಿಚಾರಿಸುವುದು ಯುಕ್ತ.

ಅದರ ಬೇರು ಇರುವುದು ಜಮೈಕಾ ದ್ವೀಪದಲ್ಲಿ. ಅಲ್ಲಿಯ ಕಿಂಗ್‌ಸ್ಟನ್ ನಗರದಲ್ಲಿ ರೇಡಿಯೋ ರಿಪೇರಿಯ ಕಸುಬಿನಿಂದ ಬಂದ ಕಿಂಗ್ ಟಬ್ಬಿ ಎಂಬಾತನು, ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ, ಹಾಡಿನಿಂದ ಹಾಡುಗಾರನ ದನಿಯನ್ನೇ ತೆಗೆದುಹಾಕಿ, ಮಂದ್ರನಾದವನ್ನೂ ಮದ್ದಳೆಯನ್ನೂ ಮಾತ್ರ ಉಳಿಸಿ, ಉಳಿದುದನ್ನು ಪ್ರತಿಧ್ವನಿಗೆ ಒಪ್ಪಿಸಿದನು. ಇದಕ್ಕೆ ‘ಡಬ್’ ಎಂದು ಹೆಸರು. ಸೇರಿಸುತ್ತ ಹೋಗುವುದು ಇತರರ ಮಾರ್ಗವಾದರೆ ಕಳೆಯುತ್ತ ಹೋಗುವುದು ಇವನ ಮಾರ್ಗ. ಜಮೈಕಾದಿಂದ ಇಂಗ್ಲೆಂಡಿಗೆ ಕೂಲಿಗೆ ಹೋದವರ ಸಂಗಡ ಈ ನಾದವೂ ಹಡಗು ಹತ್ತಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ, ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಎಂಬ ಬಡಾವಣೆಯ ಹುಡುಗರು ತಮ್ಮ ತಮ್ಮ ಮಲಗುವ ಕೋಣೆಗಳಲ್ಲಿ ಕಂಪ್ಯೂಟರುಗಳ ಮುಂದೆ ಕುಳಿತು ಅದಕ್ಕೆ ಹೊಸ ರೂಪವನ್ನು ಕೊಟ್ಟರು. ಸ್ಕ್ರೀಮ್ ಎಂಬ ತರುಣನ ‘ಮಿಡ್‌ನೈಟ್ ರಿಕ್ವೆಸ್ಟ್ ಲೈನ್’ 2005ರಲ್ಲಿ ಹೊರಬಂದಿತು. ಅದೆ ವರ್ಷ ಬ್ರಿಕ್ಸ್‌ಟನ್ನಿನಲ್ಲಿ ಮಾಲಾ, ಕೋಕಿ, ಲೋಫಾ ಮೊದಲಾದವರು ಡಿ.ಎಂ.ಝಡ್. ಎಂಬ ರಾತ್ರಿಗೋಷ್ಠಿಗಳನ್ನು ಪ್ರಾರಂಭಿಸಿದರು.

ಆ ಸಂಗೀತದ ಲಕ್ಷಣವೇನು? ನಿಮಿಷಕ್ಕೆ ಸುಮಾರು 140 ಎಣಿಕೆಯ ವೇಗ. ಆದರೆ ನಾಲ್ಕು ಎಣಿಕೆಗಳಲ್ಲಿ ಬಲವಾದ ಪೆಟ್ಟು ಮೂರನೆಯದರ ಮೇಲೆ ಮಾತ್ರ ಬೀಳುವುದರಿಂದ ಕೇಳುವವನ ಮೈಗೆ ಅದು 70ರ ನಡೆಯಂತೆ ತೋರುತ್ತದೆ. ದ್ರುತವೂ ವಿಳಂಬವೂ ಏಕಕಾಲದಲ್ಲಿ ನಡೆಯುತ್ತವೆ; ತಾಳಜ್ಞಾನವುಳ್ಳವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಇನ್ನು ಅದರ ಅತಿಮಂದ್ರ. ಸೆಕೆಂಡಿಗೆ 60ಕ್ಕೂ ಕಡಿಮೆ ಕಂಪನಗಳುಳ್ಳ ನಾದವದು. ಕಿವಿಗಿಂತ ಹೊಟ್ಟೆಯೆ ಅದನ್ನು ಮೊದಲು ಅರಿಯುತ್ತದೆ. ಆ ನಾದದ ಬಾಗಿಲನ್ನು ಲೆಕ್ಕಕ್ಕೆ ಸರಿಯಾಗಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದು ತೊದಲುವಂತೆ, ತೂಗುವಂತೆ ಮಾಡುವುದು ಈ ಕಲೆಯವರ ವಿಶೇಷ ಕೌಶಲ. ಎಲ್ಲಕ್ಕಿಂತ ಮುಖ್ಯವಾದುದು ಮೌನ. ಪೆಟ್ಟಿಗೂ ಪೆಟ್ಟಿಗೂ ನಡುವೆ ಬಯಲನ್ನು ಬಿಡಬೇಕು. ‘ಡ್ರಾಪ್’ ಎಂದು ಜಾತ್ರೆಯ ಹುಡುಗರು ಕೂಗಿ ಕೇಳುವ ಆ ಧುಮುಕುವಿಕೆಗೆ ಬೆಲೆ ಬರುವುದು ಅದರ ಹಿಂದಿನ ಅರೆಗಳಿಗೆಯ ನಿಶ್ಶಬ್ದದಿಂದ. ಆ ನಿಶ್ಶಬ್ದವನ್ನು ಕದ್ದವನು ಡ್ರಾಪನ್ನು ಕೊಂದಂತೆ.

ಮೊಬೈಲ್ ಫೋನಿನ ಬಟಾಣಿ ಗಾತ್ರದ ಧ್ವನಿರಂಧ್ರದಿಂದ ಕೇಳಿ ತೀರ್ಪು ಕೊಡುವವರಿಗೆ ಇಲ್ಲಿ ಒಂದು ಮಾತು. ಆ ಯಂತ್ರವು ಮೇಲೆ ಹೇಳಿದ ಅತಿಮಂದ್ರವನ್ನು ನುಡಿಯಲಾರದು. ಅದರಿಂದ ಡಬ್‌ಸ್ಟೆಪ್ ಕೇಳಿದೆನೆನ್ನುವವನು ಮೃದಂಗದ ಎಡಗಡೆಯನ್ನು ಬಿಟ್ಟು ಬಲಗಡೆಯನ್ನು ಮಾತ್ರ ಕೇಳಿದವನು.

ಈಗ ಪ್ರಕೃತ ಧ್ವನಿಮುದ್ರಿಕೆಯ ವಿಷಯ. ಅಮೆರಿಕದ ಸೋನಿ ಮೂರ್ ಎಂಬಾತನು ಸ್ಕ್ರಿಲೆಕ್ಸ್ ಎಂಬ ಹೆಸರಿನಿಂದ 2010ರಲ್ಲಿ ಹೊರತಂದ ‘ಸ್ಕೇರಿ ಮಾನ್‌ಸ್ಟರ್ಸ್ ಅಂಡ್ ನೈಸ್ ಸ್ಪ್ರೈಟ್ಸ್’ ಎಂಬ ಮುದ್ರಿಕೆಯಿಂದ ಡಬ್‌ಸ್ಟೆಪ್ ಎಂಬ ಶಬ್ದವು ಲೋಕದ ಬಾಯಿಗೆ ಬಂದಿತು. ಲಂಡನ್ನಿನ ಗಾಂಭೀರ್ಯವನ್ನು ಅವನು ಗರಗಸದ ಕೂಗನ್ನಾಗಿ ಮಾಡಿದನು. ಮಂದ್ರದಲ್ಲಿದ್ದುದನ್ನು ಮಧ್ಯಕ್ಕೆ ಎತ್ತಿ ಕಿರಿಚಿಸಿದನು. ಹಳೆಯ ಅಭಿಮಾನಿಗಳು ಇದನ್ನು ‘ಬ್ರೋಸ್ಟೆಪ್’ ಎಂದು ಹಂಗಿಸಿದರು. ಗ್ರ್ಯಾಮಿ ಬಹುಮಾನಗಳು 2012ರಲ್ಲಿ ಅವನಿಗೆ ಬಂದುವು; ಹಂಗಿಸಿದವರು ಹಂಗಿಸುತ್ತಲೆ ಇದ್ದರು. ಅವರ ಹಂಗಿನಲ್ಲಿ ನ್ಯಾಯವಿರಲಿಲ್ಲವೆನ್ನುವಂತಿಲ್ಲ. ತಿಪಟೂರಿನ ಲಾರಿಯ ಮೇಲೆ ಇಂದು ಅರಚುವುದು, ಹಲವು ಕೈ ದಾಟಿ ಹಳಸಿದ ರೂಪದಲ್ಲಿ, ಅದೆ 2010ರ ಗರಗಸ.

ಆದರೆ ಅದೆ ಮನುಷ್ಯನು 2023ರ ಫೆಬ್ರವರಿಯಲ್ಲಿ ‘ಕ್ವೆಸ್ಟ್ ಫಾರ್ ಫೈರ್’ ಎಂಬ ಹೊಸ ಸಂಪುಟವನ್ನು ಹೊರತಂದನು. ಅದರಲ್ಲಿ ‘ರಂಬಲ್’ ಎಂಬುದೊಂದು ಕೃತಿ. ಫ್ರೆಡ್ ಅಗೇನ್ ಎಂಬಾತನೂ ಲಂಡನ್ನಿನ ಫ್ಲೋಡಾನ್ ಎಂಬ ನುಡಿಗಾರನೂ ಅದರಲ್ಲಿ ಜತೆಗಾರರು. ಕೇಳಿದವರು ಬೆರಗಾದುದೇಕೆಂದರೆ, ಗರಗಸವು ಅಲ್ಲಿಲ್ಲ. ನೆಲದಡಿಯಿಂದ ಬಂದಂತೆ ಒಂದು ಮಂದ್ರ, ಒಣಗಿದ ಕಟ್ಟಿಗೆಯನ್ನು ತಟ್ಟಿದಂತಹ ಕೆಲವು ಪೆಟ್ಟುಗಳು, ಅವುಗಳ ನಡುವೆ ಫ್ಲೋಡಾನನ ಕರಕಲು ದನಿ, ಉಳಿದುದೆಲ್ಲ ಬಯಲು. ಹನ್ನೆರಡು ವರ್ಷ ಅರಚಿದವನು ಪಿಸುಗುಟ್ಟಲು ಕಲಿತನು. ಹೆದರಿಸುವುದು ಆ ಪಿಸುಮಾತೆ. 2024ರಲ್ಲಿ ಆ ಕೃತಿಗೆ ನೃತ್ಯ ಹಾಗೂ ಎಲೆಕ್ಟ್ರಾನಿಕ್ ವಿಭಾಗದ ಗ್ರ್ಯಾಮಿ ಬಹುಮಾನ ಬಂದಿತೆಂಬುದು ಗೌಣ. ಬಹುಮಾನಗಳು 2012ರಲ್ಲಿ ಗರಗಸಕ್ಕೂ ಬಂದಿದ್ದುವಷ್ಟೆ. ಸಂಪುಟವೆಲ್ಲ ಈ ಮಟ್ಟದ್ದೆಂದು ಹೇಳಲಾಗದು. ಅತಿಥಿಗಳ ಸಂದಣಿ ಹೆಚ್ಚಾಯಿತು. ಮಿಸ್ಸಿ ಎಲಿಯಟ್ ಎಂಬ ಪ್ರಸಿದ್ಧೆಯ ದನಿಯುಳ್ಳ ‘ರಟಾಟಾ’ ಎರಡು ಸಲ ಕೇಳಿದ ಮೇಲೆ ಮೂರನೆಯ ಸಲಕ್ಕೆ ಕರೆಯುವುದಿಲ್ಲ. ಆದರೆ ‘ಝೀನಾ’ ಎಂಬ ಕೃತಿಯಲ್ಲಿ ಪ್ಯಾಲೆಸ್ಟೀನಿನ ನಾಯ್ ಬರ್ಗೂತಿ ಎಂಬ ಗಾಯಕಿಯ ಕಂಠಕ್ಕೆ ಸಿಕ್ಕಿರುವ ಅವಕಾಶವನ್ನು ಈ ಸೀಮೆಯವರು ಅವಶ್ಯವಾಗಿ ಗಮನಿಸಬೇಕು. ಯಂತ್ರವು ಆಕೆಯ ಕಂಠವನ್ನು ಅನುಸರಿಸಿ ನಡೆಯುತ್ತದೆ. ಆಕೆಯನ್ನು ಕುತ್ತಿಗೆ ಹಿಡಿದು ನಡೆಸುವುದಿಲ್ಲ.

ಪರದೇಶದ್ದು, ಆದುದರಿಂದ ತ್ಯಾಜ್ಯ ಎಂಬ ವಾದಕ್ಕೆ ಉತ್ತರ ಹೇಳಲು ದೂರ ಹೋಗಬೇಕಾಗಿಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯವರೆಗೆ ಹೋದರೆ ಸಾಕು. ಆ ಗ್ರಾಮದಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷರ ಲಯಗಳನ್ನು ಕನ್ನಡದ ಮಾತ್ರಾಗಣಗಳಿಗೆ ಒಗ್ಗಿಸಿ, ಶತಮಾನಗಳಿಂದ ಕವಿಯ ಕಾಲಿಗೆ ತೊಡರಿದ್ದ ಆದಿಪ್ರಾಸವನ್ನು ಸಡಿಲಿಸಿ, ‘ಇಂಗ್ಲಿಷ್ ಗೀತಗಳು’ ಎಂದು 1926ರಲ್ಲಿ ಪುಸ್ತಕರೂಪವಾಗಿ ಕೊಟ್ಟರು. ಇಂದು ಶಾಲೆಯ ಹುಡುಗರು ಬಾಯಿಪಾಠ ಮಾಡುವ ನವೋದಯ ಕಾವ್ಯದ ನಡೆಯೆಲ್ಲ ಆ ಪರದೇಶದ ಲಯಕ್ಕೆ ಋಣಿ. ಅವರ ಊರಿನ ಸೀಮೆಯಲ್ಲಿ ನಿಂತು, ಬಂದ ಲಯವೆಲ್ಲ ಪಿಶಾಚಿಯೆನ್ನುವುದು ಎಷ್ಟರ ಮಟ್ಟಿನ ಔಚಿತ್ಯ?

ಅಷ್ಟೇ ಅಲ್ಲ, ವಿದ್ಯುತ್ತಿನ ನಾದವು ಭಾರತಕ್ಕೆ ನಿನ್ನೆ ಮೊನ್ನೆ ಬಂದುದೂ ಅಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿಯೆ ಮೂಗ್ ಯಂತ್ರವುಳ್ಳ ಎಲೆಕ್ಟ್ರಾನಿಕ್ ಸಂಗೀತದ ಕಾರ್ಯಾಗಾರವು ಸ್ಥಾಪಿತವಾಗಿದ್ದಿತು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಮಾಡಿದ ಮುದ್ರಣಗಳು 2023ರಲ್ಲಿ ‘ದಿ ಎನ್.ಐ.ಡಿ. ಟೇಪ್ಸ್’ ಎಂಬ ಹೆಸರಿನಿಂದ ಪ್ರಕಟವಾದುವು. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ದುಡಿದ ಚರಣ್‌ಜಿತ್ ಸಿಂಗ್ 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಯಂತ್ರಗಳ ಮೇಲೆ ಭೈರವ್, ಲಲಿತ್, ತೋಡಿ, ಯಮನ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ನೃತ್ಯದ ತಾಳಕ್ಕೆ ನುಡಿಸಿ ಮುದ್ರಿಸಿದರು. ಅಂದು ಕೊಂಡವರು ಸ್ವಲ್ಪವೆ. ಅದಾದ ಐದು ವರ್ಷಗಳ ಮೇಲೆ, 1987ರಲ್ಲಿ, ಶಿಕಾಗೋ ನಗರದವರು ಅಂಥದೇ ಯಂತ್ರದಿಂದ ಅಂಥದೇ ನಾದವನ್ನು ಹೊರಡಿಸಿದಾಗ ಲೋಕವು ಅದಕ್ಕೆ ‘ಆಸಿಡ್ ಹೌಸ್’ ಎಂದು ನಾಮಕರಣ ಮಾಡಿ ಕುಣಿಯಿತು. ಸಿಂಗರ ಮುದ್ರಿಕೆಯನ್ನು ಹಾಲೆಂಡಿನ ರಸಿಕನೊಬ್ಬನು ಹುಡುಕಿ ತೆಗೆದು 2010ರಲ್ಲಿ ಮರುಮುದ್ರಿಸಬೇಕಾಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಹಾರ್ಮೋನಿಯಂ ಎಂಬ ಪೆಟ್ಟಿಗೆಯ ಕಥೆಯನ್ನೂ ಹಿರಿಯರು ನೆನೆಯಬೇಕು. ಅದೂ ಪರಂಗಿಯವರ ವಾದ್ಯ. ಗಮಕಗಳನ್ನು ಕೊಲ್ಲುತ್ತದೆಂದು ಆಕಾಶವಾಣಿಯು 1940ರಲ್ಲಿ ಅದನ್ನು ಬಹಿಷ್ಕರಿಸಿತು. ಆ ನಿಷೇಧವು ಮೂರು ದಶಕಗಳ ಕಾಲ ನಡೆಯಿತು. ಅದೆ ಕಾಲದಲ್ಲಿ ನೆರೆಯ ಗುಬ್ಬಿಯ ಹೆಸರನ್ನು ಹೊತ್ತ ಕಂಪನಿಯ ನಾಟಕಗಳಲ್ಲಿ ಹಾರ್ಮೋನಿಯಂ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ಅದನ್ನು ತರುಣರು ನೆನೆಯಬೇಕು. ಮೂಡಲಪಾಯದ ಆಟಗಳಲ್ಲಿ ಮುಖವೀಣೆಯು ಕುಳಿತಿದ್ದ ಜಾಗದಲ್ಲಿ ಅನೇಕ ಕಡೆ ಹಾರ್ಮೋನಿಯಂ ಬಂದು ಕುಳಿತಿತು; ಮುಖವೀಣೆಯನ್ನು ಊದಬಲ್ಲವರು ವಿರಳವಾದರು. ಹೊಸ ವಾದ್ಯವು ಬರುವುದು ತಪ್ಪಲ್ಲ. ಅದು ಯಾರನ್ನು ಎಬ್ಬಿಸಿ ಯಾರ ಮಣೆಯ ಮೇಲೆ ಕೂಡುತ್ತದೆಂಬುದನ್ನು ಕೇಳದೆ ಇರುವುದು ತಪ್ಪು.

ಇಲ್ಲಿಗೆ ಎರಡನೆಯ ಪಕ್ಷದವರ ವಿಚಾರಣೆ. ಲಾರಿಯ ಡಿ.ಜೆ. ಮಾಡುವುದೇನು? ಮಾದೇಶ್ವರನ ಪದವೊಂದನ್ನು ಎಲ್ಲಿಂದಲೋ ಎತ್ತುತ್ತಾನೆ. ಕಂಸಾಳೆಯ ಗುಡ್ಡರು ತಲೆಮಾರುಗಳಿಂದ ತೂಗಿ ತೂಗಿ ಹದಗೊಳಿಸಿದ ನಡೆಯದು. ಅದರಡಿಯಲ್ಲಿ ನಾಲ್ಕು ಸಮ ಪೆಟ್ಟುಗಳ ಒಂದು ಅಚ್ಚನ್ನು ಇಡುತ್ತಾನೆ. ಪದದ ನಡೆ ಮೂರರದಾಗಿರಲಿ ಆರರದಾಗಿರಲಿ, ಎಳೆದೋ ಮುರಿದೋ ಆ ಅಚ್ಚಿಗೆ ಇಳಿಸುತ್ತಾನೆ. ದನಿ ಅಚ್ಚಿಗೆ ಹೊಂದದಿದ್ದರೆ ವೇಗ ಹೆಚ್ಚಿಸುತ್ತಾನೆ. ಭಕ್ತನ ಕಂಠವು ಮಗುವಿನ ಕೀರಲಾಗುತ್ತದೆ. ನಡುನಡುವೆ ಪೋಲೀಸಿನ ಸೈರನ್ನು. ಬಳಿಕ, ಕ್ಷಣಮಾತ್ರದ ಮೌನವನ್ನೂ ಬಿಡದೆ, ಡ್ರಾಪು. ರಸಭಂಗಕ್ಕೆ ಅನೌಚಿತ್ಯವೆ ಮೂಲವೆಂಬ ಆನಂದವರ್ಧನನ ಮತವನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ 1953ರಲ್ಲಿಯೆ ಕನ್ನಡಿಗರಿಗೆ ತಿಳಿಯಹೇಳಿದ್ದಾರೆ. ಅದನ್ನು ಡಿ.ಜೆ.ಗಳು ಓದಲಿಲ್ಲವೆಂದು ದೂರುವುದು ವ್ಯರ್ಥ; ಕಿಂಗ್ ಟಬ್ಬಿಯನ್ನಾದರೂ ಕೇಳಬಹುದಾಗಿತ್ತು.

ಸೇರಿಸುವ ಕಲೆಯೆ ಕನ್ನಡಕ್ಕೆ ಬಾರದೆಂದು ತಿಳಿಯಬಾರದು. 2018ರ ‘ಟಗರು’ ಚಿತ್ರಕ್ಕೆ ಚರಣ್‌ರಾಜ್ ಹೂಡಿದ ಶೀರ್ಷಿಕೆಗೀತೆಯಲ್ಲಿ ಆಂಥೊನಿ ದಾಸನ್‌ರ ಜಾನಪದ ಕಂಠವೂ ಯಂತ್ರದ ಗುಡುಗೂ ಒಂದನ್ನೊಂದು ನುಂಗದೆ ಎದುರುಬದುರು ನಿಂತಿವೆ. ಚಿತ್ರಗೀತೆಯಾದ ಮಾತ್ರಕ್ಕೆ ಅದನ್ನು ಸಾಹಿತ್ಯಪತ್ರಿಕೆಯಲ್ಲಿ ಹೆಸರಿಸಕೂಡದೆಂಬ ಮಡಿವಂತರು ಆ ವಾಕ್ಯವನ್ನು ಬಿಟ್ಟು ಓದಬಹುದು.

ಇನ್ನು ಅಬ್ಬರದ ಮಾತು. ಶಬ್ದಮಾಲಿನ್ಯವನ್ನು ಕುರಿತು 2000ದಲ್ಲಿ ಮಾಡಿದ ಕೇಂದ್ರದ ನಿಯಮಗಳಂತೆ ವಾಸದ ಬೀದಿಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್‌ಗಳಿಗೆ ಮೀರಕೂಡದು; ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು; ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಸರ್ಕಾರವು ನಡುರಾತ್ರಿಯವರೆಗೆ ಸಡಿಲಿಸಬಹುದು. ಡೆಸಿಬೆಲ್ ಎಂಬುದು ಸೇರಿನ ಲೆಕ್ಕದಂತಲ್ಲ. 10 ಹೆಚ್ಚಿದರೆ ನಾದದ ಶಕ್ತಿಯು ಹತ್ತುಮಡಿಯಾಗುತ್ತದೆ. ಕಾರ್ಖಾನೆಗಳ ಕೆಲಸಗಾರರ ಕಿವಿಗಾಗಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಹಾಕಿರುವ ಲೆಕ್ಕದಲ್ಲಿ 85 ಡೆಸಿಬೆಲನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲಿಗೂ ಆ ಅವಧಿ ಅರ್ಧವಾಗುತ್ತ, 100ಕ್ಕೆ ಬರುವ ಹೊತ್ತಿಗೆ ಕಾಲು ಗಂಟೆಗೆ ಇಳಿಯುತ್ತದೆ. ಮೆರವಣಿಗೆ ಕಾಲು ಗಂಟೆಯಲ್ಲಿ ಮುಗಿಯುತ್ತದೆಯೆ? ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಲಾರಿಯ ಹಿಂದೆ ಪೆಟ್ಟಿಗೆಗೆ ತಲೆ ಕೊಟ್ಟು ಕುಣಿಯುವ ಹದಿನಾರರ ಹುಡುಗನು ಕಳೆದುಕೊಳ್ಳುವುದು ಆ ಸಂಗೀತವನ್ನು ಮುಂದೆ ಕೇಳುವ ಶಕ್ತಿಯನ್ನೆ. ಅಭಿಮಾನಿಗಳಿಗೆ ಇದಕ್ಕಿಂತ ದೊಡ್ಡ ದುಃಖವಿಲ್ಲ.

ಅದೂ ಬೇಡ. ವರ್ಧಕವನ್ನು ಅದರ ಶಕ್ತಿ ಮೀರಿ ತಿರುಪಿದಾಗ ನಾದದ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಗುಂಡಗಿದ್ದ ಮಂದ್ರವು ಮೊನಚಾದ ಗಡಚಿಕ್ಕಾಗುತ್ತದೆ. ಜನ ‘ಬೇಸ್’ ಎಂದು ಕುಣಿಯುವುದು ಬಹುಮಟ್ಟಿಗೆ ಯಂತ್ರದ ಆರ್ತನಾದಕ್ಕೆ. ಈ ಸೀಮೆಯವರಿಗೆ ಇಂತಹ ಕಿವುಡು ಹೇಗೆ ಬಂದಿತೋ ತಿಳಿಯದು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿಟ್ಟು, ಒಂದೊಂದನ್ನೆ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಕರಟದಿಂದ ಬಿಟ್ಟು ಉರುಳುವ ಸದ್ದಿನಿಂದಲೆ ಕೊಬ್ಬರಿಯಾಯಿತೆ ಇಲ್ಲವೆ ಎಂದು ಹೇಳಬಲ್ಲ ಜನರಿವರು. ನೀರು ಕುಲುಕುವ ಕಾಯಿಯನ್ನು ಕೊಬ್ಬರಿಯೆಂದು ಕೊಟ್ಟರೆ ಮುಖದ ಮೇಲೆ ಎಸೆಯುವವರು, ಕಾಸು ಕೊಟ್ಟು ಒಡಕು ನಾದವನ್ನು ಕೊಳ್ಳುತ್ತಾರೆ.

ಈ ವ್ಯವಹಾರದಲ್ಲಿ ಮನೆ ಕಳೆದುಕೊಳ್ಳುತ್ತಿರುವವರು ಅರೆಯವರು, ತಮಟೆಯವರು, ಓಲಗದವರು. ದೇವರನ್ನು ಹೆಗಲ ಮೇಲೆ ಹೊತ್ತವರ ಹೆಜ್ಜೆ ಬದಲಾದರೆ ಅರೆಯ ಪೆಟ್ಟು ಬದಲಾಗುತ್ತದೆ. ಪೆಟ್ಟು ಬದಲಾದರೆ ಹೆಜ್ಜೆ ಬದಲಾಗುತ್ತದೆ. ಯಾರು ಯಾರನ್ನು ನಡೆಸುತ್ತಾರೆಂದು ಹೇಳುವುದು ಕಷ್ಟ. ಸೋಮನ ಕುಣಿತದವನ ಮೈ ತಿರುಗುವ ಕ್ಷಣವನ್ನು ಕಾದು ಬಾರಿಸುವ ಕಣ್ಣು ಲಾರಿಯ ಡಿ.ಜೆ.ಗೆ ಇಲ್ಲ, ಅವನು ಯಂತ್ರದ ಪರದೆಯನ್ನು ನೋಡುತ್ತಿರುತ್ತಾನೆ. ತಮಟೆಯವನು ಸೋಗೆಯನ್ನೋ ಹುಲ್ಲನ್ನೋ ಉರಿಸಿ ಚರ್ಮವನ್ನು ಕಾಯಿಸುತ್ತಾನೆ. ಬಿಸಿಯಲ್ಲಿ ಒಂದು ದನಿ, ಆರಿದಂತೆ ಒಂದು ದನಿ. ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ಉರುಮೆಯಿದೆ. ಅದರ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿದರೆ ಹೊರಡುವ ಹೂಂಕಾರವನ್ನು ಕೇಳಿದವರು ಕ್ರಾಯ್ಡನ್ನಿನ ಹುಡುಗರ ತೂಗುವ ಮಂದ್ರವನ್ನು ಹೊಸತೆಂದು ಹೇಳಲಾರರು. ವಿದ್ಯುತ್ತಿಲ್ಲದೆ, ಚರ್ಮ ಕೋಲುಗಳಿಂದ, ಅದೆ ತೊದಲು, ಅದೆ ತೂಗು.

ಈ ವಾದ್ಯಗಾರರನ್ನು ಗೌರವಿಸುವುದೆಂದರೆ ಸಾಹಿತ್ಯ ಸಮ್ಮೇಳನದ ಮೆರವಣಿಗೆಯಲ್ಲಿ ಅಧ್ಯಕ್ಷರ ರಥದ ಮುಂದೆ ಅರ್ಧ ಗಂಟೆ ಬಾರಿಸಲು ಕರೆದು ಊಟ ಹಾಕಿ ಕಳಿಸುವುದೆಂದು ತಿಳಿದಿರುವ ಸಂಸ್ಕೃತಿಪ್ರೇಮಿಗಳೂ ಈ ಅಪರಾಧದಲ್ಲಿ ಪಾಲುದಾರರು. ಹುಡುಗರು ಡಿ.ಜೆ. ಕರೆತಂದರೆಂದು ಗೊಣಗುವ ಸಮಿತಿಯ ಹಿರಿಯರು ತಮಟೆಯವರ ಸಂಭಾವನೆಗೆ ಬಂದಾಗ ಚೌಕಾಶಿ ಮಾಡುವುದನ್ನು ಯಾವ ಊರಿನಲ್ಲಿ ಕಾಣುವುದಿಲ್ಲ? 2023ರಲ್ಲಿ ಕೇಂದ್ರ ಸರ್ಕಾರವು ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀಯನ್ನು ಕೊಟ್ಟಿತು. ಜಾತ್ರೆಯ ಸಮಿತಿಗಳ ಲೆಕ್ಕದ ಪುಸ್ತಕಕ್ಕೆ ಆ ವರ್ತಮಾನವು ಇನ್ನೂ ತಲುಪಿದಂತಿಲ್ಲ.

ನಿಷೇಧದಿಂದ ಇದು ಸರಿಹೋಗುತ್ತದೆಯೆ? ಗಣೇಶೋತ್ಸವದ ಕಾಲದಲ್ಲಿ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಪೋಲೀಸರು ಡಿ.ಜೆ.ಯನ್ನು ನಿಷೇಧಿಸಿದುದುಂಟು. ಅಬ್ಬರದ ಮಟ್ಟಿಗೆ ಅದು ಬೇಕಾದುದೆ. ಕಿವಿಯ ರಕ್ಷಣೆಗೆ ಕಾನೂನಿನ ಕೋಲು ಸಲ್ಲುತ್ತದೆ. ಆದರೆ ಕೋಲಿನಿಂದ ರುಚಿಯನ್ನು ಕಲಿಸಲಾಗದು. ನಿಷೇಧದ ವರ್ಷ ಲಾರಿ ನಿಂತರೆ ತಮಟೆಯವರಿಗೆ ಕರೆ ಬರುತ್ತದೆ, ಸಡಿಲವಾದ ವರ್ಷ ನಿಲ್ಲುತ್ತದೆ. ಹೀಗೆ ಪೋಲೀಸರ ಅಪ್ಪಣೆಯ ಮೇಲೆ ಬದುಕುವ ಕಲೆಯನ್ನು ಹುಡುಗನೊಬ್ಬನು ಅಪ್ಪನಿಂದ ಏಕೆ ಕಲಿತಾನು?

ಅಭಿಮಾನಿಗಳು ಕೇಳುವುದು ಬೇರೆ. ಕಂಪ್ಯೂಟರ್ ಬಲ್ಲ ಹುಡುಗರು ಈ ಮೂರು ತಾಲ್ಲೂಕುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಪರರ ಅಚ್ಚುಗಳನ್ನು ಎತ್ತಿ ತರುವ ಬದಲು ಒಂದು ಒಳ್ಳೆಯ ಮೈಕನ್ನು ಹಿಡಿದು ಅರೆಯವರ ಬೀದಿಗೆ ಹೋಗಲಿ. ತಮಟೆಯನ್ನು ಕಾಯಿಸುವ ಮುನ್ನವೂ ಕಾಯಿಸಿದ ಮೇಲೆಯೂ ಮುದ್ರಿಸಲಿ. ಒಂದು ಗಂಟೆ ಸುಮ್ಮನೆ ಕೇಳಲಿ. ಬಳಿಕ ಕಳೆಯುವುದನ್ನು ಕಲಿಯಲಿ. ಮತ್ತು ‘ಝೀನಾ’ ಎಂಬ ಕೃತಿಯ ಹಣೆಯ ಮೇಲೆ ಸ್ಕ್ರಿಲೆಕ್ಸನ ಹೆಸರಿನ ಪಕ್ಕದಲ್ಲಿ ನಾಯ್ ಬರ್ಗೂತಿಯ ಹೆಸರು ಇರುವುದನ್ನು ನೋಡಲಿ. ಲಾರಿಯ ಮೇಲೆ ತಿರುಗುವ ಮಾದೇಶ್ವರನ ಪದದಲ್ಲಿ ಹಾಡಿದವನ ಹೆಸರಿಲ್ಲ, ಬಾರಿಸಿದವನ ಹೆಸರಿಲ್ಲ, ಡಿ.ಜೆ.ಯ ಹೆಸರನ್ನು ಮಾತ್ರ ಯಂತ್ರದ ದನಿಯೊಂದು ಹಾಡಿನ ನಡುನಡುವೆ ನಾಲ್ಕು ಸಲ ಕೂಗುತ್ತದೆ. ಆ ಕೂಗಿನ ಜಾಗದಲ್ಲಿ ಅರೆಯವನ ಹೆಸರು, ಅವನ ಊರು, ಬಂದ ಹಣದಲ್ಲಿ ಅವನ ಪಾಲು ಇವಿಷ್ಟೂ ಬರುವವರೆಗೆ, ಆ ಹಾಡುಗಳಿಗೆ ರೀಮಿಕ್ಸ್ ಎಂಬ ಹೆಸರಿಗಿಂತ ಕಳವು ಎಂಬ ಕನ್ನಡದ ಹೆಸರೆ ಸರಿಯಾದುದು.